ಎರಡರ ಮಗ್ಗಿಯ ಶಾಲು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಇಪ್ಪತ್ತೊಂಬತ್ತು ವರ್ಷ ಈ ಶಾಲೆಯಲ್ಲಿ ಹೊಲಿಗೆ ಮತ್ತು ಕೈಕೆಲಸದ ಶಿಕ್ಷಕಿಯಾಗಿದ್ದ ನನ್ನಿಂದ ಅವರು ಹಳೆಯ ನೆನಪುಗಳನ್ನು ನಿರೀಕ್ಷಿಸಿದ್ದಿರಬಹುದು. ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ಆದುದರಿಂದ ನನಗೆ ನಿಶ್ಚಯವಾಗಿ ತಿಳಿದಿರುವ ಒಂದು ಕೆಲಸವನ್ನು ಕುರಿತು, ಕ್ರೋಶಾ ಕಡ್ಡಿಯಿಂದ ಹಳೆಯ ಮಾದರಿಯ ಶಾಲು ಹೆಣೆಯುವುದನ್ನು ಕುರಿತು ಬರೆಯುತ್ತೇನೆ. ಸಮಾರಂಭಗಳಲ್ಲಿ ನೂರಾರು ಶಾಲುಗಳನ್ನು ಹೊದಿಸಿಯೂ ಹೊದ್ದೂ ಇರುವ ನಮ್ಮ ಸಂಸ್ಥೆಯ ಬಂಧುಗಳಿಗೆ, ಶಾಲೊಂದು ಹೇಗೆ ಹುಟ್ಟುತ್ತದೆ ಎಂಬ ವಿಷಯ ಅಪ್ರಸ್ತುತವೆನಿಸಲಾರದೆಂದು ನಂಬಿದ್ದೇನೆ.

ಫ್ರೆಂಚ್ ಭಾಷೆಯಲ್ಲಿ ಕ್ರೋಶೆ ಎಂದರೆ ಚಿಕ್ಕ ಕೊಕ್ಕೆ. ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಒಂದು ಕಡ್ಡಿ, ಒಂದು ಉಂಡೆ ದಾರ. ಈ ವಿದ್ಯೆಗೆ ಬೇಕಾದ ಬಂಡವಾಳ ಇಷ್ಟೆ. 1845ರ ನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮ ಬಂದಾಗ, ಕಾರ್ಕ್ ನಗರದ ಕ್ರೈಸ್ತ ಸನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದರು. ಅಲ್ಲಿನ ಎಷ್ಟೋ ಕುಟುಂಬಗಳು ಕೊಕ್ಕೆಯ ಲೇಸು ಮಾರಿ ಜೀವ ಹಿಡಿದವು. ಸರಿಸುಮಾರು ಅದೇ ಕಾಲದಲ್ಲಿ, 1844ರ ಸುಮಾರಿಗೆ, ಸ್ಕಾಟ್ಲೆಂಡಿನ ಮಿಷನರಿ ದಂಪತಿಗಳು ಗೋದಾವರಿ ತೀರದ ನರಸಾಪುರದ ಸ್ತ್ರೀಯರಿಗೆ ಕ್ರೋಶಾ ಲೇಸನ್ನು ಕಲಿಸಿದರೆಂದು ಹೇಳುತ್ತಾರೆ. ನಮ್ಮ ನಾಡಿನ ಕೌದಿಯಂತೆ, ಕಸೂತಿಯಂತೆ ಇದು ಇಲ್ಲಿಯೇ ಹುಟ್ಟಿದ ಕಲೆಯಲ್ಲ, ಬಂದು ನೆಲೆಸಿದ್ದು. ಅದರಿಂದ ಅದರ ಮಾನಕ್ಕೆ ಕುಂದಿಲ್ಲ.

ನಾನು ತರಗತಿಯಲ್ಲಿ ಕಲಿಸುತ್ತಿದ್ದ ಶಾಲಿನ ಮೂಲ ನಮ್ಮ ಅತ್ತೆಯವರ ಟ್ರಂಕಿನಲ್ಲಿತ್ತು. ಮಾಸಿದ ಕೆಂಪು, ಹಸಿರು, ಅರಿಷಿಣ ಬಣ್ಣಗಳ ಉಳಿಕೆ ಉಲ್ಲನ್ನಿನಿಂದ ಸಾಲು ಸಾಲಾಗಿ ಹೆಣೆದು, ಕೊನೆಗೆ ಕಪ್ಪು ಅಂಚು ಕೊಟ್ಟ ತ್ರಿಕೋನದ ಶಾಲು ಅದು. ಹೆಣಿಗೆಯ ವಿವರವನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ನಾನು ಕೇಳುವ ಹೊತ್ತಿಗೆ ಅವರಿಗೆ ನೆನಪು ಹಾರಿತ್ತು. ಆದರೆ ಕ್ರೋಶಾದ ಒಂದು ಗುಣವೆಂದರೆ, ಕಣ್ಣಿದ್ದವರಿಗೆ ಬಟ್ಟೆಯೇ ಪುಸ್ತಕ. ದಾರ ಎಲ್ಲಿಂದ ಹೊರಟಿದೆ, ಎಲ್ಲಿ ತಿರುಗಿದೆ, ಎಲ್ಲಿ ಹೆಚ್ಚಿದೆ ಎಂಬುದೆಲ್ಲ ಅದರ ಮೈಮೇಲೆ ಬರೆದಿರುತ್ತದೆ. ಎರಡು ಸಂಜೆ ಭೂತಕನ್ನಡಿ ಹಿಡಿದು ಕುಳಿತಾಗ ತಿಳಿದದ್ದು, ಆ ಶಾಲು ತುದಿಯಿಂದ ಪ್ರಾರಂಭವಾಗಿರಲಿಲ್ಲ. ಕತ್ತಿನ ಹಿಂಭಾಗಕ್ಕೆ ಬರುವ ಉದ್ದಂಚಿನ ನಟ್ಟನಡುವಿನಿಂದ ಹೊರಟು ಎರಡೂ ಕಡೆಗೆ ಸಮನಾಗಿ ಬೆಳೆದಿತ್ತು.

ಹೊಸದಾಗಿ ಕಲಿಯುವವರಿಗೆ ಎರಡೇ ಗಂಟು ಸಾಕು. ತರಗತಿಯಲ್ಲಿ ಅವುಗಳನ್ನು ಸರಪಳಿ ಮತ್ತು ಕಂಬ ಎಂದು ಕರೆಯುತ್ತಿದ್ದೆವು. ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ದಾರವನ್ನು ಎಳೆದರೆ ಒಂದು ಸರಪಳಿ. ಕಡ್ಡಿಗೆ ಒಮ್ಮೆ ದಾರ ಸುತ್ತಿ, ಕಿಂಡಿಯಲ್ಲಿ ತೂರಿಸಿ, ದಾರವನ್ನು ಎಳೆದು ತಂದರೆ ಕಡ್ಡಿಯ ಮೇಲೆ ಮೂರು ಕುಣಿಕೆ ನಿಲ್ಲುತ್ತವೆ. ಎರಡರೊಳಗಿಂದ ಒಮ್ಮೆ, ಉಳಿದ ಎರಡರೊಳಗಿಂದ ಇನ್ನೊಮ್ಮೆ ದಾರ ಎಳೆದರೆ ಕಂಬ ಎದ್ದಿತು. ಮೂರು ಕಂಬ ಒಟ್ಟಿಗೆ ಬಂದರೆ ಒಂದು ಗೊಂಚಲು. ನಾಲ್ಕು ಮಿಲಿಮೀಟರಿನ ಕಡ್ಡಿ, ನಡುತರದ ದಪ್ಪದ ಉಲ್ಲನ್ನು ಸುಮಾರು 250ರಿಂದ 300 ಗ್ರಾಂ ಇಟ್ಟುಕೊಳ್ಳಬೇಕು. ಮೊದಲ ಸಲಕ್ಕೆ ಕಪ್ಪು ದಾರ ಬೇಡ. ಗಂಟುಗಳು ಕಣ್ಣಿಗೆ ಕಾಣುವುದಿಲ್ಲ.

ನಾಲ್ಕು ಸರಪಳಿ ಹಾಕಿ, ಮೊದಲನೆಯದಕ್ಕೆ ಸೇರಿಸಿದರೆ ಉಂಗುರವಾಗುತ್ತದೆ. ಪುನಃ ನಾಲ್ಕು ಸರಪಳಿ. ಇವು ಅಂಚಿನ ಕಂಬ ಮತ್ತು ಅದರ ಪಕ್ಕದ ಕಿಂಡಿಯ ಲೆಕ್ಕಕ್ಕೆ. ಉಂಗುರದೊಳಗೆ ಒಂದು ಗೊಂಚಲು, ಎರಡು ಸರಪಳಿ, ಇನ್ನೊಂದು ಗೊಂಚಲು, ಒಂದು ಸರಪಳಿ, ಕಡೆಗೆ ಒಂಟಿ ಕಂಬ. ಇದು ಮೊದಲ ಸಾಲು. ಇನ್ನು ಹೆಣಿಗೆಯನ್ನು ತಿರುಗಿಸಿ, ನಾಲ್ಕು ಸರಪಳಿಯಿಂದ ಹೊರಟು, ಕೆಳಗಿನ ಪ್ರತಿ ಕಿಂಡಿಯಲ್ಲಿಯೂ ಒಂದು ಗೊಂಚಲು, ಗೊಂಚಲುಗಳ ನಡುವೆ ಒಂದು ಸರಪಳಿ. ನಟ್ಟನಡುವಿನ ಕಿಂಡಿಯಲ್ಲಿ ಮಾತ್ರ ಎರಡು ಗೊಂಚಲು, ಅವುಗಳ ಮಧ್ಯೆ ಎರಡು ಸರಪಳಿ. ಕೊನೆಯ ಗೊಂಚಲಿನ ಬಳಿಕ ಒಂದು ಸರಪಳಿ ಹಾಕಿ, ಹಿಂದಿನ ಸಾಲಿನ ಆರಂಭದ ನಾಲ್ಕು ಸರಪಳಿಗಳಲ್ಲಿ ಮೂರನೆಯದರಲ್ಲಿ ಒಂಟಿ ಕಂಬ. ಮುಂದೆ ನಲವತ್ತನೆಯ ಸಾಲಿನವರೆಗೂ ಇದೇ ಕ್ರಮ.

ಮೊದಲ ಸಾಲಿನಲ್ಲಿ ಎರಡು ಗೊಂಚಲು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಆರು. ಎರಡರ ಮಗ್ಗಿ ಬಂದವರಿಗೆ ಈ ಶಾಲು ಬಂದಂತೆಯೇ. ಏಳನೆಯ ಸಾಲಿನಲ್ಲಿ ಹದಿಮೂರು ಗೊಂಚಲು ಬಂದರೆ ಎಲ್ಲಿಯೋ ಒಂದು ಕಿಂಡಿ ತಪ್ಪಿದೆ ಎಂದರ್ಥ. ಅದು ಹೆಚ್ಚಾಗಿ ಅಂಚಿನ ಕಿಂಡಿಯೇ ಆಗಿರುತ್ತದೆ. ಗಣಿತದ ಮಾಸ್ತರರು ಇದನ್ನು ತಮ್ಮ ವಿಷಯವೆಂದು ವಾದಿಸುತ್ತಿದ್ದರು, ನಾನು ನನ್ನದೆನ್ನುತ್ತಿದ್ದೆ.

ಗಣಿತ ಅಲ್ಲಿಗೇ ಮುಗಿಯುವುದಿಲ್ಲ. ಇಪ್ಪತ್ತನೆಯ ಸಾಲು ಮುಗಿದೊಡನೆ ಹುಡುಗಿಯರು ಓಡಿ ಬಂದು “ಅಕ್ಕೋರ, ಅರ್ಧಾ ಮುಗೀತ್ರಿ” ಎನ್ನುತ್ತಿದ್ದರು. ನಾನು ಅವರನ್ನು ಕೂರಿಸಿ ಕೂಡಿಸಲು ಹೇಳುತ್ತಿದ್ದೆ. ಇಪ್ಪತ್ತು ಸಾಲಿಗೆ 420 ಗೊಂಚಲು. ನಲವತ್ತು ಸಾಲಿಗೆ 1640. ಅರ್ಧ ಸಾಲುಗಳು ಮುಗಿದಾಗ ಆಗಿರುವ ಕೆಲಸ ಕಾಲುಭಾಗದಷ್ಟು ಮಾತ್ರ! ಹೆಣಿಗೆಯನ್ನು ಅರ್ಧಕ್ಕೇ ಬಿಟ್ಟವರು ಬಹುಮಟ್ಟಿಗೆ ಬಿಟ್ಟದ್ದು ಇದಾದ ಮೇಲೆಯೇ, ಇಪ್ಪತ್ತೈದು ಮೂವತ್ತನೆಯ ಸಾಲಿನ ಆಸುಪಾಸಿನಲ್ಲಿ. ಸಾಲುಗಳು ಉದ್ದವಾಗುತ್ತವೆ, ಶಾಲು ಬೆಳೆಯುವುದು ಮಾತ್ರ ಕಣ್ಣಿಗೆ ಕಾಣಿಸದು. ಅದು ಸೋಮಾರಿತನವಲ್ಲ, ಲೆಕ್ಕ ಗೊತ್ತಿಲ್ಲದಿರುವುದು. ಲೆಕ್ಕವನ್ನು ಮೊದಲೇ ಹೇಳಿಟ್ಟ ತರಗತಿಗಳಲ್ಲಿ ಬಿಟ್ಟವರ ಸಂಖ್ಯೆ ಕಡಿಮೆ.

ಈ ಲೆಕ್ಕದಿಂದ ನನಗೆ ಇನ್ನೊಂದು ಪ್ರಯೋಜನವೂ ಆಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಮನೆಯ ಅಡಚಣೆಯ ಕಾರಣ, ತಾನು ಹೆಣೆದ ಶಾಲನ್ನು ಮಾರಲು ಪಟ್ಟಣದ ಅಂಗಡಿಯೊಂದಕ್ಕೆ ಒಯ್ದಳು. ನಾನೂ ಜೊತೆಗಿದ್ದೆ. ಅಂಗಡಿಯವರು ದಾರದ ಬೆಲೆಯ ಮೇಲೆ ನೂರು ರೂಪಾಯಿ ಕೊಡುವುದಾಗಿ ಹೇಳಿದರು. ಹೆಚ್ಚು ಕೇಳಿದ್ದಕ್ಕೆ, “ಮನ್ಯಾಗ ಬಿಡುವಿದ್ದಾಗ ಮಾಡಿದ್ದಲ್ಲೇನವ್ವಾ, ಇದಕ್ಕ ಕೂಲಿ ಯಾಕ?” ಎಂದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಸಹಜವೆಂಬಂತೆ ಕೇಳಿದರು, ಅಷ್ಟೆ. ಪಳಗಿದ ಕೈಗೆ ಗೊಂಚಲಿಗೆ ಒಂದು ನಿಮಿಷವೆಂದು ಹಿಡಿದರೂ 1640 ನಿಮಿಷ, ಅಂದರೆ ಇಪ್ಪತ್ತೇಳು ಗಂಟೆಗೂ ಹೆಚ್ಚು. ಗಂಟೆಗೆ ನಾಲ್ಕು ರೂಪಾಯಿಯೂ ಬೀಳಲಿಲ್ಲ. ಅವಳು ಶಾಲನ್ನು ಮಡಿಚಿ ಚೀಲದಲ್ಲಿಟ್ಟುಕೊಂಡಳು.

ಆ ‘ಬಿಡುವು’ ಎಂಬ ಮಾತು ಹೊಸದಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು ನರಸಾಪುರದ ಲೇಸು ಹೆಣೆಯುವ ಸ್ತ್ರೀಯರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ತೋರಿಸಿಕೊಟ್ಟಿದ್ದಾರೆ. ಮನೆಗೆಲಸವನ್ನೆಲ್ಲ ಮಾಡಿ, ದಿನಕ್ಕೆ ಆರರಿಂದ ಎಂಟು ಗಂಟೆ ಲೇಸು ಹೆಣೆದು, ಪರದೇಶಗಳಿಗೆ ಹೋಗುವ ಸರಕನ್ನು ತಯಾರಿಸುತ್ತಿದ್ದ ಆ ಸ್ತ್ರೀಯರನ್ನು ಯಾರೂ ಕೆಲಸಗಾರರೆಂದು ಎಣಿಸಲಿಲ್ಲ; ಗೃಹಿಣಿಯರು ವಿರಾಮದಲ್ಲಿ ಮಾಡುವ ಕೆಲಸವೆಂದು ಹೆಸರಿಟ್ಟು ಕೂಲಿಯನ್ನು ಕೆಳಗಿಟ್ಟರು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು ಸಂತೋಷದ ಸಂಗತಿ. ಊರಿನ ಹೆಸರಿಗೆ ಬಂದ ಬೆಲೆ ಹೆಣೆದವರ ಗಂಟೆಗಳಿಗೂ ಬರಬೇಕಾಗಿದೆ. ಇದೇ ಕೊಕ್ಕೆಯಿಂದ ವಿಕ್ಟೋರಿಯಾ ರಾಣಿ 1900ರಲ್ಲಿ ತನ್ನ ಸೈನಿಕರಿಗಾಗಿ ಎಂಟು ಕಂಠವಸ್ತ್ರಗಳನ್ನು ಹೆಣೆದಳು. ಅವುಗಳಲ್ಲೊಂದನ್ನು ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಯುದ್ಧಸ್ಮಾರಕದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅದನ್ನೂ ಆಕೆ ಬಿಡುವಿನಲ್ಲಿಯೇ ಹೆಣೆದಿರಬೇಕಲ್ಲವೆ?

ಇನ್ನೊಂದು ಮಾತು. ನಿಜವಾದ ಕ್ರೋಶಾ ಗಂಟನ್ನು ಹಾಕುವ ಯಂತ್ರ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಕ್ರೋಶಾ ವಸ್ತು ಯಂತ್ರದ ಕೃಪೆಯಿಂದ ಅಗ್ಗವಾದುದಲ್ಲ. ಯಾರದೋ ಕೈಗೆ ಕೂಲಿ ತಪ್ಪಿದ್ದರಿಂದ ಅಗ್ಗವಾದುದು. ಹಳೆಯ ಮಾದರಿ ಈಗ ಮರಳಿ ರೂಢಿಗೆ ಬಂದಿದೆಯೆಂದು ನಗರದ ಹುಡುಗಿಯರು ಇದನ್ನು ಹೊದೆಯುವುದನ್ನು ಕಂಡು ಸಂತೋಷಪಡುವಾಗಲೂ ಈ ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ.

ಅಂಗಡಿಯಿಂದ ಬಂದ ಮರುವಾರದಿಂದ ತರಗತಿಯಲ್ಲಿ ಒಂದು ಕ್ರಮವನ್ನು ಜಾರಿಗೆ ತಂದೆ. ಪ್ರತಿಯೊಬ್ಬಳೂ ನೋಟುಬುಕ್ಕಿನ ಎಡಪುಟದಲ್ಲಿ ಸಾಲು ಮತ್ತು ಗೊಂಚಲುಗಳ ಸಂಖ್ಯೆ, ಬಲಪುಟದಲ್ಲಿ ಕುಳಿತ ಗಂಟೆ, ಎದ್ದ ಗಂಟೆ ಬರೆಯತಕ್ಕದ್ದು. ಮೊದಮೊದಲು ಪಾಲಕರು ನಕ್ಕರು. ತಾಯಂದಿರು ಮಾತ್ರ ಆ ಬಲಪುಟವನ್ನು ಬಹಳ ಹೊತ್ತು ನೋಡುತ್ತಿದ್ದುದನ್ನು ನಾನು ಗಮನಿಸಿದ್ದೇನೆ. ಅಂದು ಶಾಲನ್ನು ಮಡಿಚಿಕೊಂಡು ಬಂದವಳು ಈಗ ತನ್ನ ಊರಿನ ಏಳೆಂಟು ಸ್ತ್ರೀಯರೊಡನೆ ಸೇರಿ ಹೆಣೆದು ಮಾರುತ್ತಾಳೆ. ಪ್ರತಿ ಶಾಲಿಗೂ ಚೀಟಿ ಕಟ್ಟಿ, ದಾರ ಎಷ್ಟು, ಗಂಟೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯುತ್ತಾಳೆ. ಎಲ್ಲವೂ ಮಾರಾಟವಾಗುವುದಿಲ್ಲ. ಚೀಟಿಯನ್ನು ಬದಲಿಸಲು ಅವಳು ಒಪ್ಪಿಲ್ಲ.

ನಲವತ್ತು ಸಾಲು ಮುಗಿದಾಗ ಶಾಲು ತುದಿಯಿಂದ ತುದಿಗೆ ಸುಮಾರು ಒಂದೂವರೆ ಗಜ, ಬೆನ್ನಿನ ಮೇಲೆ ಮುಕ್ಕಾಲು ಗಜ ಇಳಿಯುತ್ತದೆ. ದಾರ ಮತ್ತು ಕೈಬಿಗಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ. ದಾರದ ತುದಿಗಳನ್ನು ದಪ್ಪ ಸೂಜಿಯಿಂದ ಹಿಂಬದಿಯ ಕಂಬಗಳಲ್ಲಿ ಹಾಯಿಸಿ ಮರೆಮಾಡಬೇಕು. ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ಹಗ್ಗದ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಜೋತುಬಿದ್ದು ಆಕಾರ ಕೆಡುತ್ತದೆ. ಚಾಪೆಯ ಮೇಲೆ ಹರಡಿ, ಮೂರು ಮೂಲೆಗಳನ್ನೂ ಕೈಯಿಂದ ಎಳೆದು ಸರಿಪಡಿಸಿ, ನೆರಳಿನಲ್ಲಿ ಒಣಗಿಸಬೇಕು.