ಕೆಟ್ಟುಹೋದ ಆಟದ ಪೆಟ್ಟಿಗೆ

ಹಿಂದಿನ ಕಾಲದ ಮನೆಗಳಲ್ಲಿ ಒಂದು ವಸ್ತು ಕೆಟ್ಟರೆ ಅದನ್ನು ಏನು ಮಾಡಬೇಕೆಂಬ ಪ್ರಶ್ನೆ ಏಳುತ್ತಿದ್ದುದು ಅಪೂರ್ವ. ಹಿತ್ತಾಳೆಯ ಪಾತ್ರೆಯ ಕಲಾಯಿ ಹೋದರೆ ಕಲಾಯಿಯವನು ಬೀದಿಗೆ ಬರುವವರೆಗೆ ಕಾಯುತ್ತಿದ್ದರು. ಒರಳುಕಲ್ಲು ಸವೆದು ನುಣುಪಾದರೆ ಉಳಿ ಸುತ್ತಿಗೆ ಹಿಡಿದು ಅದನ್ನು ಮತ್ತೆ ತರಿಯಾಗಿಸುವವರು ಬರುತ್ತಿದ್ದರು. ಕೊಡೆಯ ಕಡ್ಡಿ ಮುರಿದರೆ ಕಡ್ಡಿಯಷ್ಟೇ ಬದಲಾಗುತ್ತಿತ್ತು. ಕೊಡೆ ಅದೇ ಇರುತ್ತಿತ್ತು. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದ್ದರಿಂದ ಹೀಗೆ ಮಾಡುತ್ತಿದ್ದರು ಎಂದರೆ ಅದು ಅರ್ಧ ಸತ್ಯ. ಕೊಡೆಯ ಒಳಗೆ ಏನೇನಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು ಎಂಬುದು ಉಳಿದರ್ಧ. ಮುರಿದದ್ದು ಯಾವುದು ಎಂದು ಕಂಡ ಮೇಲೆ ಸರಿಪಡಿಸಬೇಕಾದುದು ಯಾವುದು ಎಂಬ ಸಂದೇಹಕ್ಕೆ ಎಡೆಯಿರಲಿಲ್ಲ.

ಇಂದಿನ ಮನೆಗಳ ವಸ್ತುಗಳು ಬಹುಮಟ್ಟಿಗೆ ಮುಚ್ಚಿದ ಪೆಟ್ಟಿಗೆಗಳು. ಅವುಗಳಲ್ಲಿ ಮಕ್ಕಳಿಗೆ ಅತ್ಯಂತ ಪ್ರಿಯವಾದುದು ವಿಡಿಯೊ ಗೇಮ್ ಕನ್ಸೋಲ್. ಟಿ.ವಿ.ಯ ಪರದೆಗೆ ಜೋಡಿಸಿ, ಗುಂಡಿಗಳ ಹಿಡಿಕೆಯೊಂದನ್ನು ಕೈಯಲ್ಲಿ ಹಿಡಿದು ಆಡುವ ಈ ಯಂತ್ರ ವಾಸ್ತವವಾಗಿ ಒಂದು ಗಣಕಯಂತ್ರವೇ ಆಗಿದೆ. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಫ್ಯಾಮಿಕಾಂ ಎಂಬ ಯಂತ್ರವನ್ನು ಹೊರತಂದಿತು. ಎರಡು ವರ್ಷಗಳ ಅನಂತರ ಅದೇ ಯಂತ್ರ ಬೇರೊಂದು ರೂಪದಲ್ಲಿ ಅಮೆರಿಕದ ಮನೆಗಳನ್ನು ಹೊಕ್ಕಿತು. ಅದನ್ನು ಅನುಕರಿಸಿ ಮಾಡಿದ ಅಗ್ಗದ ಪೆಟ್ಟಿಗೆಗಳು 1990ರ ದಶಕದಲ್ಲಿ ನಮ್ಮ ದೇಶದ ಅಂಗಡಿಗಳಿಗೂ ಬಂದವು. ಈಗಿನ ಕನ್ಸೋಲುಗಳಾದರೋ ಹತ್ತಾರು ಸಾವಿರ ರೂಪಾಯಿ ಬೆಲೆಯವು. ಸಾಧಾರಣ ಸಂಸಾರವೊಂದು ಹಲವು ತಿಂಗಳು ಯೋಚಿಸಿ ಕೊಳ್ಳುವಂಥವು.

ಇಂಥ ಪೆಟ್ಟಿಗೆ ಒಂದು ಸಂಜೆ ಇದ್ದಕ್ಕಿದ್ದಂತೆ ನಿಂತುಹೋಯಿತೆನ್ನಿ. ಆಗ ಮನೆಯಲ್ಲಿ ಎರಡು ಮಾತುಗಳು ಹುಟ್ಟುತ್ತವೆ. “ಹಳೆಯದಾಯಿತು, ಹೊಸದನ್ನೇ ತರೋಣ” ಎಂಬುದು ಒಂದು. “ಇಷ್ಟು ಹಣ ಸುರಿದದ್ದು ವ್ಯರ್ಥವಾಗಬಾರದು, ಹೇಗಾದರೂ ಸರಿಮಾಡಿಸೋಣ” ಎಂಬುದು ಇನ್ನೊಂದು. ಎರಡೂ ಅವಸರದ ಮಾತುಗಳೇ. ಮೊದಲನೆಯದರಲ್ಲಿ ಹೊಸದರ ಆಸೆ ಇದೆ, ಎರಡನೆಯದರಲ್ಲಿ ಹಳೆಯದರ ಮೋಹ ಇದೆ. ಕೆಟ್ಟಿರುವುದು ಯಾವುದು ಎಂಬ ವಿಚಾರ ಮಾತ್ರ ಎರಡರಲ್ಲಿಯೂ ಇಲ್ಲ.

ಈ ವಿಚಾರ ಎಷ್ಟು ಮುಖ್ಯವೆಂಬುದಕ್ಕೆ ಅಮೆರಿಕಕ್ಕೆ ಹೋದ ಆ ನಿಂಟೆಂಡೊ ಯಂತ್ರದ ಕಥೆಯೇ ಸಾಕ್ಷಿ. ಅದರಲ್ಲಿ ಪ್ರತಿಯೊಂದು ಆಟವೂ ಕಾರ್ಟ್ರಿಜ್ ಎಂಬ ಪುಟ್ಟ ಕರಡಿಗೆಯಲ್ಲಿ ಇರುತ್ತಿತ್ತು. ಆ ಕರಡಿಗೆಯನ್ನು ಯಂತ್ರದ ಬಾಯೊಳಗೆ ತಳ್ಳಿ ಕೆಳಕ್ಕೆ ಒತ್ತಿದಾಗ ಒಳಗಿನ 72 ಲೋಹದ ಕಡ್ಡಿಗಳು ಅದನ್ನು ಮುಟ್ಟಬೇಕಾಗಿತ್ತು. ವರ್ಷಗಳು ಕಳೆದಂತೆ ಕಡ್ಡಿಗಳ ಬಿಗಿ ಸಡಿಲವಾಯಿತು, ಕೊಳೆ ಕೂಡಿಕೊಂಡಿತು. ನಕಲಿ ಆಟಗಳನ್ನು ತಡೆಯುವುದಕ್ಕೆಂದು ಯಂತ್ರದೊಳಗೆ ಕಾವಲಿನ ಚಿಪ್ ಒಂದನ್ನು ಇಟ್ಟಿದ್ದರು. ಕರಡಿಗೆಯ ಸಂಪರ್ಕ ಸರಿಯಾಗಿ ದೊರೆಯದಿದ್ದರೆ ಆ ಚಿಪ್ ಯಂತ್ರವನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸುತ್ತಿತ್ತು. ಪರದೆ ಮಿಣುಕುವುದನ್ನು ಕಂಡ ಮಕ್ಕಳು ಕರಡಿಗೆಯನ್ನು ಹೊರಗೆ ತೆಗೆದು ಬಾಯಿಂದ ಊದುತ್ತಿದ್ದರು. ಮತ್ತೆ ತುರುಕಿದಾಗ ಎಷ್ಟೋ ಸಲ ಆಟ ನಡೆಯುತ್ತಿತ್ತು. ಅದು ಊದಿದ್ದರ ಗುಣವಲ್ಲ. ತೆಗೆದು ಮತ್ತೆ ಹಾಕಿದ್ದರ ಗುಣ. ಉಸಿರಿನ ತೇವದಿಂದ ಲೋಹಕ್ಕೆ ಕೇಡೆಂದು ತಯಾರಕರೇ ಎಚ್ಚರಿಸಿದರು. ಯಂತ್ರದ ಮಿದುಳು ಚೆನ್ನಾಗಿಯೇ ಇತ್ತು; ಸಡಿಲವಾಗಿದ್ದುದು ಬಾಗಿಲ ಬಳಿಯ ಒಂದು ಜೋಡಣೆ ಮಾತ್ರ. ಅದೊಂದನ್ನು ಬದಲಾಯಿಸಿದರೆ ಸತ್ತಿತೆಂದುಕೊಂಡ ಯಂತ್ರ ಎದ್ದು ಕೂರುತ್ತಿತ್ತು.

ಈಗಿನ ಕಾಲಕ್ಕೆ ಬಂದು ತುಮಕೂರಿನ ಒಂದು ಮನೆಯನ್ನು ನೋಡಬಹುದು. ಅಲ್ಲಿನ ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಅವನ ಅಕ್ಕ ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ ಕನ್ಸೋಲ್ ಏಳು ವರ್ಷ ನಡೆದು, ಆಮೇಲೆ ಹಟ ಹಿಡಿಯತೊಡಗಿತು. ಹತ್ತು ನಿಮಿಷ ಆಡುವಷ್ಟರಲ್ಲಿ ಫ್ಯಾನು ಜೋರಾಗಿ ಗದ್ದಲ ಮಾಡುತ್ತಿತ್ತು. ಅನಂತರ ಯಂತ್ರ ತಾನಾಗಿಯೇ ಆರಿಹೋಗುತ್ತಿತ್ತು. ಅಕ್ಕ ಆ ವೇಳೆಗೆ ಪುಣೆಯಲ್ಲಿ ಕೆಲಸಕ್ಕಿದ್ದಳು. ಅಕ್ಕ ತಮ್ಮ ಇಬ್ಬರೂ ಸೇರಿ ಕಟ್ಟಿದ ಕ್ರಿಕೆಟ್ ತಂಡವೊಂದು ಯಂತ್ರದ ನೆನಪಿನಲ್ಲಿ ಉಳಿದಿತ್ತು. ಆ ತಂಡದ ಆಟಗಾರರಿಗೆಲ್ಲ ಮನೆಯವರ ಹೆಸರುಗಳನ್ನೇ ಇಟ್ಟಿದ್ದರು. ವಿಕೆಟ್ ಕೀಪರ್ ಸ್ವತಃ ತಾತನೇ. ಹೊಸ ಯಂತ್ರ ಬೇಕೆಂದು ಹುಡುಗ ಕೇಳಿದ. ತಾಯಿಯ ಬಳಿ ಹಣವಿತ್ತು. ಆದರೆ ಅದು ಮುಂದಿನ ಜೂನಿನಲ್ಲಿ ಅವನನ್ನು ಕಾಲೇಜಿಗೆ ಸೇರಿಸುವುದಕ್ಕೆಂದು ಹೊಲಿಗೆಯ ಕೂಲಿಯಲ್ಲಿ ಕೂಡಿಸಿಟ್ಟದ್ದು. ಆಕೆ ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ತಾತ ಒಂದು ಕಾಲದಲ್ಲಿ ಬಸ್ ಡಿಪೊದ ಕಾರ್ಯಾಗಾರದಲ್ಲಿ ದುಡಿದವರು. ಅವರು ಮೊಮ್ಮಗನನ್ನು ಕರೆದು, “ಏನಪ್ಪ, ಅದರಲ್ಲಿ ಏನು ಕೆಟ್ಟಿದೆ?” ಎಂದು ಕೇಳಿದರು.

“ಗೊತ್ತಿಲ್ಲ ತಾತ. ಕೆಟ್ಟಿದೆ, ಅಷ್ಟೇ.”

“ನಮ್ಮ ಡಿಪೊಗೆ ಬರುತ್ತಿದ್ದ ಡ್ರೈವರುಗಳೂ ಹೀಗೆಯೇ ಹೇಳುತ್ತಿದ್ದರು, ಬಸ್ಸು ಕೆಟ್ಟಿದೆ ಎಂದು. ಬಸ್ಸು ಎಲ್ಲಿ ಕೆಡುತ್ತದೆ? ಅದರೊಳಗೆ ಯಾವುದೋ ಒಂದು ಕೆಟ್ಟಿರುತ್ತದೆ. ದೀಪ ಹತ್ತುತ್ತದೆಯೋ?”

“ಹತ್ತುತ್ತದೆ.”

“ಚಿತ್ರ ಬರುತ್ತದೆಯೋ?”

“ಬರುತ್ತದೆ ತಾತ. ಹತ್ತು ನಿಮಿಷ ಚೆನ್ನಾಗಿಯೇ ಬರುತ್ತದೆ.”

“ಹಾಗಾದರೆ ಕರೆಂಟು ಸರಿಯಾಗಿದೆ, ಚಿತ್ರ ತೋರಿಸುವ ಭಾಗವೂ ಸರಿಯಾಗಿದೆ. ಕಾವೇರಿದ ಮೇಲೆ ನಿಲ್ಲುತ್ತದೆ. ಬಸ್ಸಾಗಿದ್ದರೆ ರೇಡಿಯೇಟರ್ ನೋಡು ಎನ್ನುತ್ತಿದ್ದೆ.”

ಅವರ ಊಹೆ ತಪ್ಪಾಗಿರಲಿಲ್ಲ. ಕನ್ಸೋಲಿನ ಮುಖ್ಯ ಚಿಪ್ ಕೆಲಸ ಮಾಡುವಾಗ ಬಹಳ ಬಿಸಿಯಾಗುತ್ತದೆ. ಆ ಬಿಸಿಯನ್ನು ಎಳೆದುಕೊಳ್ಳುವುದಕ್ಕೆ ಅದರ ಮೇಲೆ ಲೋಹದ ಪಟ್ಟಿಗಳ ಸಾಲು ಇರುತ್ತದೆ. ಎರಡಕ್ಕೂ ನಡುವೆ ಬಿಸಿಯನ್ನು ದಾಟಿಸುವ ಒಂದು ಬಗೆಯ ಪೇಸ್ಟ್ ಸವರಿರುತ್ತಾರೆ. ಫ್ಯಾನು ಆ ಲೋಹದ ಮೇಲೆ ಗಾಳಿ ಬೀಸಿ ಬಿಸಿಯನ್ನು ಹೊರಕ್ಕೆ ದೂಡುತ್ತದೆ. ಧೂಳು ಕಟ್ಟಿಕೊಂಡು ಪೇಸ್ಟ್ ಒಣಗಿದರೆ ಬಿಸಿಗೆ ದಾರಿಯಿಲ್ಲ. ಆಗ ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳುವುದಕ್ಕಾಗಿ ಆರಿಹೋಗುತ್ತದೆ. ಮನೆಯವರು ರೋಗವೆಂದು ತಿಳಿದದ್ದು ನಿಜವಾಗಿ ಯಂತ್ರದ ವಿವೇಕ.

ದುರಸ್ತಿಯ ಅಂಗಡಿಯವನು ಪ್ರಾಮಾಣಿಕನಾಗಿದ್ದ. “ಯಜಮಾನರೆ, ಮೊದಲು ಬಿಚ್ಚಿ ನೋಡುತ್ತೇನೆ. ಬರೀ ಧೂಳಾದರೆ ಸ್ವಲ್ಪದರಲ್ಲಿ ಮುಗಿಯುತ್ತದೆ. ಚಿಪ್ಪಿನ ಬೆಸುಗೆಯೇ ಬಿಟ್ಟಿದ್ದರೆ ಮಾತ್ರ ನಾನು ಕೈಹಾಕುವುದಿಲ್ಲ. ಕಾಯಿಸಿ ಕೂರಿಸಿದರೆ ಕೆಲವು ದಿನ ನಡೆದೀತು, ಮತ್ತೆ ನಿಮ್ಮ ದುಡ್ಡು ಹೋಗುತ್ತದೆ” ಎಂದ. ಬಿಚ್ಚುವುದಕ್ಕೆ ಮೊದಲೇ ಹತ್ತು ನಿಮಿಷದ ಆ ಅವಧಿಯಲ್ಲಿ ಆಟದ ದಾಖಲೆಗಳನ್ನೆಲ್ಲ ಪೆನ್‌ಡ್ರೈವ್ ಒಂದಕ್ಕೆ ಇಳಿಸಿಕೊಂಡ. ಒಳಗೆ ಕಂಬಳಿಯಂತೆ ಹಾಸಿದ್ದ ಧೂಳನ್ನು ತೆಗೆದು ಹೊಸ ಪೇಸ್ಟ್ ಸವರಿದಾಗ ಯಂತ್ರ ಸದ್ದಿಲ್ಲದೆ ನಡೆಯಿತು. ತಾಯಿಯ ಗಂಟಿನಿಂದ ಹೋದದ್ದು ಒಂದು ರವಿಕೆ ಹೊಲಿದ ಕೂಲಿಗಿಂತ ತುಸು ಹೆಚ್ಚು, ಅಷ್ಟೇ.

ಎಲ್ಲ ಮನೆಗಳಲ್ಲಿಯೂ ಕಥೆ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಆ ಅಂಗಡಿಯವನು ಅಂಜಿದ ಬೆಸುಗೆಯ ರೋಗ ಒಮ್ಮೆ ಲೋಕಪ್ರಸಿದ್ಧವಾಗಿತ್ತು. ಮೈಕ್ರೋಸಾಫ್ಟ್ ಸಂಸ್ಥೆ 2005ರಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಕನ್ಸೋಲನ್ನು ತಂದಿತು. ಕಾಯುವುದು, ಆರುವುದು, ಮತ್ತೆ ಕಾಯುವುದು, ಹೀಗೆ ಹಿಗ್ಗಿ ಕುಗ್ಗಿ ಅದರ ಚಿಪ್ಪಿನ ಸೂಕ್ಷ್ಮ ಬೆಸುಗೆಗಳು ಬಿರುಕುಬಿಟ್ಟವು. ಯಂತ್ರದ ಮುಖದ ಮೇಲೆ ಮೂರು ಕೆಂಪು ದೀಪಗಳು ಮಿನುಗಿದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ. ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಇನ್ನಷ್ಟು ಕಾಯಿಸುವ ಮನೆಮದ್ದು ಕೂಡ ಹಬ್ಬಿತು. ಅದರಿಂದ ಗುಣವಾದದ್ದು ತಾತ್ಕಾಲಿಕ, ಆದ ಹಾನಿ ಶಾಶ್ವತ. ಸಂಸ್ಥೆ 2007ರಲ್ಲಿ ಈ ದೋಷಕ್ಕೆ ಮೂರು ವರ್ಷಗಳ ಹೊಣೆ ಹೊತ್ತು, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ತೆಗೆದಿರಿಸಿತು. ದೋಷ ಬೇರಿನಲ್ಲಿಯೇ ಇದ್ದಾಗ ತೇಪೆ ಹಾಕುವುದರಿಂದ ಪ್ರಯೋಜನವಿಲ್ಲ. ಬ್ಯಾಟರಿ ಉಬ್ಬಿದ ಕೈಯಂತ್ರ, ಸುಟ್ಟ ವಾಸನೆ ಬರುವ ವಿದ್ಯುತ್ ಭಾಗ ಇವುಗಳ ವಿಷಯದಲ್ಲಿ ಹಣದ ಲೆಕ್ಕಕ್ಕಿಂತ ಪ್ರಾಣದ ಲೆಕ್ಕ ಮುಂದು. ತಂತಿ ಕಿತ್ತ ಮೇಲೆಯೂ ಒಳಗೆ ವಿದ್ಯುತ್ತು ನಿಂತಿರಬಹುದಾದ್ದರಿಂದ ಮಕ್ಕಳು ಅಂಥದನ್ನು ಬಿಚ್ಚಲೇಬಾರದು.

ಹಾಗಾದರೆ ಅಳೆಯುವುದು ಹೇಗೆ? ದುರಸ್ತಿಯ ವೆಚ್ಚ ಹೊಸದರ ಬೆಲೆಯ ಅರ್ಧವನ್ನು ದಾಟಿದರೆ ಹೊಸದೇ ಲೇಸು ಎಂದು ವ್ಯವಹಾರಸ್ಥರು ಹೇಳುವುದುಂಟು. ಈ ಲೆಕ್ಕ ಕೆಟ್ಟದ್ದಲ್ಲ, ಆದರೆ ಅಪೂರ್ಣ. ಹೊಸ ಯಂತ್ರದಲ್ಲಿ ಹಳೆಯ ಆಟಗಳು ನಡೆಯುತ್ತವೆಯೇ ಎಂದು ಮೊದಲು ಕೇಳಬೇಕು. ಪ್ಲೇಸ್ಟೇಷನ್ 4 ಕೊಂಡವರಿಗೆ ತಮ್ಮ ಪ್ಲೇಸ್ಟೇಷನ್ 3ರ ತಟ್ಟೆಗಳು ಅದರಲ್ಲಿ ಕೆಲಸಕ್ಕೆ ಬರಲಿಲ್ಲ. ಯಂತ್ರದೊಡನೆ ಆಟಗಳನ್ನೂ ಹೊಸದಾಗಿ ಕೊಳ್ಳಬೇಕಾಯಿತು. ಬಿಡಿಭಾಗಗಳು ದೊರೆಯುತ್ತವೆಯೇ ಎಂಬುದು ಎರಡನೆಯ ಪ್ರಶ್ನೆ. ನಿಂಟೆಂಡೊ 2003ರಲ್ಲಿ ಫ್ಯಾಮಿಕಾಂ ತಯಾರಿಕೆಯನ್ನು ನಿಲ್ಲಿಸಿ, 2007ರಲ್ಲಿ ದುರಸ್ತಿಯನ್ನೂ ನಿಲ್ಲಿಸಿತು. ಸೋನಿ ಸಂಸ್ಥೆ 2000ದಲ್ಲಿ ತಂದ ಪ್ಲೇಸ್ಟೇಷನ್ 2ಕ್ಕೆ ಜಪಾನಿನಲ್ಲಿ 2018ರವರೆಗೆ ದುರಸ್ತಿಯ ನೆರವು ನೀಡಿತು. ಅಲ್ಲಿಂದ ಮುಂದೆ ಆ ಯಂತ್ರಗಳ ಆಯುಸ್ಸು ಬೀದಿಯ ಕುಶಲಕರ್ಮಿಗಳ ಕೈಯಲ್ಲಿದೆ.

ಅವರ ಕೈಯನ್ನು ಕಟ್ಟಿಹಾಕುವ ಏರ್ಪಾಡುಗಳೂ ಇವೆ. ಹಲವು ಕನ್ಸೋಲುಗಳಲ್ಲಿ ತಟ್ಟೆ ಓದುವ ಭಾಗವನ್ನು ಮುಖ್ಯ ಫಲಕದೊಡನೆ ಗುಪ್ತ ಸಂಕೇತದಿಂದ ಬೆಸೆದಿರುತ್ತಾರೆ. ಅಂಥದೇ ಇನ್ನೊಂದು ಭಾಗವನ್ನು ತಂದು ಕೂರಿಸಿದರೂ ಯಂತ್ರ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಅಮೆರಿಕದಲ್ಲಿ ಇಂಥ ಬೀಗವನ್ನು ದುರಸ್ತಿಗಾಗಿ ಮುರಿಯುವುದೂ ಕಾನೂನಿಗೆ ವಿರುದ್ಧವಾಗಿತ್ತು. 2021ರಲ್ಲಿ ಕನ್ಸೋಲುಗಳ ತಟ್ಟೆ ಓದುವ ಭಾಗಕ್ಕೆ ಮಾತ್ರ ವಿನಾಯಿತಿ ದೊರೆಯಿತು. ಅದೇ ದೇಶದ ಮಿನಸೋಟ ರಾಜ್ಯ 2023ರಲ್ಲಿ ದುರಸ್ತಿಯ ಹಕ್ಕಿಗಾಗಿ ಕಾನೂನು ಮಾಡಿದಾಗ ಆಟದ ಕನ್ಸೋಲುಗಳನ್ನು ಅದರಿಂದ ಹೊರಗಿಟ್ಟಿತು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗೆಂದು ಒಂದು ಜಾಲತಾಣವನ್ನು ತೆರೆಯಿತು. ಕೊಂಡವನಿಗೆ ತನ್ನ ವಸ್ತುವನ್ನು ಸರಿಪಡಿಸಿಕೊಳ್ಳುವ ಅಧಿಕಾರ ಉಂಟೋ ಇಲ್ಲವೋ ಎಂಬ ಪ್ರಶ್ನೆ ಹೀಗೆ ಮನೆಯಿಂದ ಶಾಸನಸಭೆಯವರೆಗೆ ನಡೆದುಹೋಗಿದೆ.

ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ: ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಪ್ರಪಂಚದ ಜನ ಬಿಸಾಡಿದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳ ತೂಕ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವುದು ನೂರಕ್ಕೆ 22.3 ಪಾಲು ಮಾತ್ರ. ಉಳಿದುದರಲ್ಲಿ ಒಂದು ಭಾಗ ಬಡವರ ಕೈಗೆ ಬೀಳುತ್ತದೆ. ತಾಮ್ರಕ್ಕಾಗಿ ತಂತಿಗಳನ್ನು ಸುಡುವವರೂ ಚಿನ್ನದ ಕಣಗಳಿಗಾಗಿ ಫಲಕಗಳನ್ನು ಆಮ್ಲದಲ್ಲಿ ಅದ್ದುವವರೂ ಆ ಹೊಗೆಯನ್ನೇ ಉಸಿರಾಡುತ್ತಾರೆ. ಭಾರತದಲ್ಲಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳು ಇಂಥ ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವುದು ಅನಿವಾರ್ಯವಾದಾಗಲೂ ಹಳೆಯದನ್ನು ಕಸದ ತೊಟ್ಟಿಗೆ ಹಾಕದೆ, ನೋಂದಾಯಿತ ಸಂಸ್ಕರಣಕಾರರಿಗೆ ಒಪ್ಪಿಸುವುದು ಕೊಂಡವನ ಕರ್ತವ್ಯ.

ಆಟದ ಸಾಮಾನೊಂದಕ್ಕೆ ಇಷ್ಟೊಂದು ವಿಚಾರವೇ ಎಂದು ಕೆಲವರು ನಗಬಹುದು. ಆದರೆ ಬಾಲ್ಯದಲ್ಲಿ ಆಟದ ಸಾಮಾನಿನ ವಿಷಯದಲ್ಲಿ ಕಲಿತದ್ದನ್ನೇ ಮನುಷ್ಯ ಮುಂದೆ ಬಾವಿಯ ಪಂಪಿನ ವಿಷಯದಲ್ಲಿ, ಮನೆಯ ಸೂರಿನ ವಿಷಯದಲ್ಲಿ ಬಳಸುತ್ತಾನೆ. ಕೆಟ್ಟ ವಸ್ತುವಿನಲ್ಲಿಯೂ ಕೆಡದೆ ಉಳಿದ ಭಾಗವೇ ಬಹುತೇಕ ಹೆಚ್ಚಾಗಿರುತ್ತದೆ ಎಂಬುದನ್ನು ಅರಿತವನು ಕೆಟ್ಟಿತೆಂದು ಕೇಳಿದೊಡನೆ ಕೈಚೆಲ್ಲುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳ ನಡುವೆ ನಡೆದರೆ ಹಳೆಯ ಫಲಕಗಳನ್ನೂ ಬಿಡಿಭಾಗಗಳನ್ನೂ ರಾಶಿ ಹಾಕಿರುವುದು ಕಾಣುತ್ತದೆ. ನೋಡುವವರಿಗೆ ಅದು ಗುಜರಿ. ದುರಸ್ತಿಯವನಿಗೆ ಅದೇ ಭಂಡಾರ. ಮುಖ್ಯ ಚಿಪ್ ಹೋಗಿ ಇನ್ನು ಏಳಲಾರದ ಯಂತ್ರದಲ್ಲಿ ಒಳ್ಳೆಯ ಫ್ಯಾನು ಇರುತ್ತದೆ. ಫ್ಯಾನು ಹೋದ ಇನ್ನೊಂದು ಯಂತ್ರ ಅದಕ್ಕಾಗಿಯೇ ಮೇಜಿನ ಮೇಲೆ ಕಾದಿರುತ್ತದೆ.