ಮಾಕಳಿಯ ಬೇವು

ಸೋಪು, ಟ್ಯೂಬುಗಳ ಹಿಂಬದಿಯ ಸಣ್ಣಕ್ಷರ ಓದುವ ಚಟವಿದ್ದವರಿಗೆ ಬೆಂಗಳೂರಿನಾಚೆ, ತುಮಕೂರು ರಸ್ತೆಯ ನಮ್ಮ ಮಾಕಳಿ ಹೊಸದಲ್ಲ. 1930ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿದ ಹಿಮಾಲಯ ಕಂಪನಿ 1975ರಲ್ಲಿ ಇಲ್ಲಿ ಕಾರ್ಖಾನೆ ತೆರೆಯಿತು. ಅದರ ಬೇವಿನ ಫೇಸ್‌ವಾಶ್ ಹಚ್ಚಿಕೊಳ್ಳುವ ನೆಂಟರಿಗೆ ನಮ್ಮೂರಿನ ಗುರುತು ಹೇಳಬೇಕಾದರೆ, ಬಚ್ಚಲುಮನೆಗೆ ಹೋಗಿ ಟ್ಯೂಬ್ ತಿರುಗಿಸಿ ನೋಡಿ ಎನ್ನುತ್ತೇನೆ.

ಟ್ಯೂಬಿನೊಳಗಿನ ಬೇವಿಗೆ ಇಷ್ಟು ಮರ್ಯಾದೆ. ಬೀದಿಯಲ್ಲಿ ನಿಂತ ಬೇವಿಗೆ ಮಾತ್ರ ಆಷಾಢ ಬಂತೆಂದರೆ ಬೈಗುಳ. ಹಳದಿ ಹಣ್ಣು ಉದುರಿ ಕಾರಿನ ಗಾಜಿಗೆ ಅಂಟುತ್ತದೆ, ಮೇಲಿಂದ ಹಕ್ಕಿಗಳ ಹಿಕ್ಕೆ. 'ಇದನ್ನ ಕಡಿಸಿಬಿಡೋಣ ಸಾರ್' ಎಂಬ ಪ್ರಸ್ತಾಪ ಲೇಔಟಿನಲ್ಲಿ ವರ್ಷಕ್ಕೊಮ್ಮೆ ಏಳುತ್ತದೆ. ಹಾಗೆಂದವರೇ ಏಪ್ರಿಲ್‌ನಲ್ಲಿ ಅದೇ ನೆರಳಿಗೆ ಕಾರು ನಿಲ್ಲಿಸಲು ಜಗಳವಾಡಿರುತ್ತಾರೆ. ಯುಗಾದಿಯ ಮುನ್ನಾದಿನ ತುಮಕೂರು ರಸ್ತೆಯಲ್ಲಿ ಒಂದು ಹಿಡಿ ಸೊಪ್ಪು ಕೊಂಡು ತಂದಾಗ ಪಕ್ಕದ ಮನೆಯ ಅಜ್ಜಿ ಕೇಳಿದ್ದರು: 'ಬೇವಿನ್ ಸೊಪ್ಪಿಗೂ ದುಡ್ಡಾ ಮಗಾ?'

ಬೇವಿನ ಖಾಸಾ ಸೀಮೆ ನಮ್ಮದಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿಯ ಬಿಸಿಲು ಅದರದ್ದು. ವರ್ಷಕ್ಕೆ 400 ಮಿಲಿಮೀಟರ್ ಮಳೆ ಬಿದ್ದರೂ ಬೇರು ಆಳಕ್ಕಿಳಿಸಿ ಬದುಕಿಕೊಳ್ಳುತ್ತದೆ. ಅದರ ಎರಡು ಪಟ್ಟು ಮಳೆ ಕಾಣುವ ನಮ್ಮಲ್ಲಿ ಅದಕ್ಕೆ ಬಾಯಾರಿಕೆಯ ಭಯವಿಲ್ಲ. ಭಯವಿರುವುದು ನಿಂತ ನೀರಿನದು ಮತ್ತು ಬುಡದವರೆಗೂ ಬಳಿದ ಸಿಮೆಂಟಿನದು. ಶೀಟು ಹೊದ್ದ ಶೆಡ್ಡುಗಳು ಕಾದು ಉರಿಯುವ ಬೇಸಿಗೆಯಲ್ಲಿ, ಲಾರಿಗಳ ಧೂಳು ಕುಡಿಯುತ್ತಲೇ ಹೊಸ ಎಲೆ ತಳೆದು ಹೂ ಬಿಡುವ ಈ ಮರಕ್ಕಿಂತ ಒಳ್ಳೆಯ ಬಾಡಿಗೆದಾರ ನಮ್ಮ ಬೀದಿಗೆ ಸಿಗಲಾರ.

ಬೈಸಿಕೊಳ್ಳುವ ಆ ಹಣ್ಣಿನಲ್ಲೇ ಬೇವಿನ ಆಸ್ತಿಯಿದೆ. ಎಣ್ಣೆ, ಹಿಂಡಿ ಎರಡೂ ಬೀಜದಿಂದಲೇ. ಯೂರಿಯಾ ಮಣ್ಣಿನಲ್ಲಿ ಬೇಗ ಪೋಲಾಗದಿರಲೆಂದು, ದೇಶದಲ್ಲಿ ತಯಾರಾಗುವ ಅಷ್ಟೂ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿ ಕಡ್ಡಾಯ ಮಾಡಿತು. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಗ್ರೇಸ್ ಕಂಪನಿ ಅಲ್ಲಿನ ಕೃಷಿ ಇಲಾಖೆಯೊಡನೆ ಸೇರಿ ಯುರೋಪಿನಲ್ಲಿ ಪೇಟೆಂಟನ್ನೇ ಪಡೆದಿತ್ತು. ಇದು ಭಾರತದಲ್ಲಿ ಮೊದಲಿಂದ ಇದ್ದದ್ದೇ ಎಂದು ಹೋರಾಡಿದ ಮೇಲೆ 2000ದಲ್ಲಿ ಅದು ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ಅಷ್ಟೆಲ್ಲ ಕಾದಾಡಿ ಉಳಿಸಿಕೊಂಡ ಬೀಜವನ್ನು ನಾವು ಪೊರಕೆಯಲ್ಲಿ ಗುಡಿಸಿ ಕಸದ ಗಾಡಿಗೆ ಹಾಕುತ್ತಿದ್ದೇವೆ.

ಟೆರೇಸಿನಲ್ಲಿ ಬದನೆ, ಬೆಂಡೆ ಬೆಳೆಯುವವರು ಅದನ್ನು ಆರಿಸಿಟ್ಟುಕೊಳ್ಳಬಹುದು. ತಿರುಳು ತೊಳೆದು ನೆರಳಲ್ಲಿ ಒಣಗಿಸಿ, ಒಳಗಿನ ಬೀಜ 50 ಗ್ರಾಂ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಸೋಸಿ, ಚೂರು ಸೋಪು ಕರಗಿಸಿದರೆ ಶೇ 5ರ ಕಷಾಯ. ಸಂಜೆಗೇ ಸಿಂಪಡಿಸಬೇಕು, ಏಕೆಂದರೆ ಅದರಲ್ಲಿ ಹುಳುವನ್ನು ತಡೆಯುವ ಅಜಾಡಿರಾಕ್ಟಿನ್ ಎಂಬ ಅಂಶ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ.

ಗಿಡ ಮಾಡುವ ಆಸೆಯಿದ್ದರೆ ಬೀಜವನ್ನು ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯಬೇಡಿ. ಕೆಲವೇ ವಾರಗಳಲ್ಲಿ ಅದು ಮೊಳೆಯುವ ತ್ರಾಣ ಕಳೆದುಕೊಳ್ಳುತ್ತದೆ. ಬಿದ್ದ ವಾರದಲ್ಲೇ ಮಣ್ಣಿಗೆ ಹಾಕಿ. ಮೂವತ್ತು-ನಲವತ್ತರ ಸೈಟಿನೊಳಗೆ ಮಾತ್ರ ನೆಡಬೇಡಿ. ಪಾರ್ಕಿನ ಅಂಚಿನಲ್ಲೋ ಕೆರೆಯ ದಾರಿಯಲ್ಲೋ, ಕರೆಂಟಿನ ತಂತಿ ಹಾಯದ ಕಡೆ ನೆಡಿ. ಮುಂದೆ ಯಾರಾದರೂ ಫುಟ್‌ಪಾತ್ ಮಾಡಲು ಬಂದರೆ, ಬುಡದ ಸುತ್ತ ಮೂರಡಿ ಮಣ್ಣು ಬಿಡಿಸಿ.