ಐವತ್ತು ಗುಂಟೆಯ ಎಕರೆ

ಮೂರೆಕರೆ ಇಪ್ಪತ್ತು ಗುಂಟೆಗೆ ಎರಡೆಕರೆ ಮೂವತ್ತು ಗುಂಟೆ ಕೂಡಿಸಿದರೆ ಎಷ್ಟು? ಶಹಾಪುರದ ಸಂತೆಗೆ ಬಂದ ಯಾವ ರೈತನನ್ನು ಕೇಳಿದರೂ ಬೀಡಿ ಹಚ್ಚುವಷ್ಟರಲ್ಲಿ ‘ಆರೆಕರೆ ಹತ್ತು ಗುಂಟಿ’ ಅಂತಾನೆ. ನಮ್ಮ ಹುಡುಗ ಬರೆದ ಪ್ರೋಗ್ರಾಂ ಮಾತ್ರ ಮೊನ್ನೆ 5.50 ಅಂದಿತು. ಬೀಜ-ಗೊಬ್ಬರದ ಅಂಗಡಿಯೊಂದಕ್ಕೆ ಮಾಡುತ್ತಿರುವ ಸಾಫ್ಟ್‌ವೇರ್ ಅದು. ಪಹಣಿಯಲ್ಲಿದ್ದ 3.20, 2.30 ಎರಡನ್ನೂ ಆತ ದಶಮಾಂಶ ಅಂದುಕೊಂಡು ಕೂಡಿಸಿಬಿಟ್ಟಿದ್ದ. ‘ಎಕರೆಗೆ ನಲ್ವತ್ತೇ ಗುಂಟಿ. ಉಳಿದಿದ್ದು ಎಲ್ಲಿ ಬಿತ್ತಬೇಕೋ ತಮ್ಮಾ?’ ಅಂದೆ. ‘ಟೆಸ್ಟ್ ಎಲ್ಲಾ ಪಾಸ್ ಆಗ್ಯಾವ್ರಿ ಸರ್’ ಅಂದ.

ಆಗದೆ ಏನು! ಪ್ರೋಗ್ರಾಂ ಓಡಿಸಿ, ಅದು ಕೊಟ್ಟ 5.50ನ್ನೇ ಸರಿಯುತ್ತರವೆಂದು ಟೆಸ್ಟಿನೊಳಗೆ ಬರೆದಿಟ್ಟಿದ್ದ.

ಈ ವಿದ್ಯೆ ನನಗೆ ಹಳೆಯ ಪರಿಚಯ. ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ, ಸರಳ ಲೋಲಕ ಗೋಡೆಗೆ ಬಡಿದರೂ ಸ್ಟಾಪ್‌ವಾಚ್ ಕೆಟ್ಟು ನಿಂತರೂ ರೆಕಾರ್ಡ್ ಬುಕ್ಕಿನಲ್ಲಿ ಗುರುತ್ವ ವೇಗೋತ್ಕರ್ಷ 9.8 ಬಂದೇ ಬರುತ್ತಿತ್ತು. ಉತ್ತರ ಮೊದಲು, ರೀಡಿಂಗ್ ಆಮೇಲೆ. ಒಬ್ಬ ಹುಡುಗಿ ಮಾತ್ರ 9.3 ಬರೆದು ತಂದು ಹೆದರಿ ನಿಂತಿದ್ದಳು. ದಾರವನ್ನು ಗುಂಡಿನ ನಡುಮಧ್ಯದ ತನಕ ಅಳೆಯುವುದು ಬಿಟ್ಟು ಕೊಕ್ಕೆಯ ತನಕ ಅಳೆದಿದ್ದಳು. ಉದ್ದ ಕಡಿಮೆಯಾದಷ್ಟೂ ಉತ್ತರ ಇಳಿಯಲೇಬೇಕಲ್ಲ. ಇಡೀ ಕ್ಲಾಸಿನಲ್ಲಿ ನಿಜವಾಗಿ ಪ್ರಯೋಗ ಮಾಡಿದವಳು ಆಕೆಯೊಬ್ಬಳೇ. ಪೂರ್ತಿ ಅಂಕ ಕೊಟ್ಟೆ. ಈಗಂತೂ ಕೋಡು, ಟೆಸ್ಟು ಎರಡನ್ನೂ ಒಂದೇ ಎಐ ಬರೆದುಕೊಡುತ್ತದೆ. ಪ್ರಶ್ನೆಪತ್ರಿಕೆ ತೆಗೆದವನೇ ಪರೀಕ್ಷೆಗೂ ಕೂತು ತಾನೇ ಮೌಲ್ಯಮಾಪನಕ್ಕೂ ಹೋದಂತಾಯಿತು.

5.50ರ ಈ ರೋಗಕ್ಕೆ ನನ್ನ ಮದ್ದು ವರ್ನಿಯರ್ ಕ್ಯಾಲಿಪರ್ಸ್ ಹಿಡಿದ ಕಾಲದ್ದು: ಮೊದಲು ಲೀಸ್ಟ್ ಕೌಂಟ್, ಅಂದರೆ ಅಳೆಯಬಹುದಾದ ಅತಿ ಚಿಕ್ಕ ಅಳತೆ, ಎಷ್ಟೆಂದು ನೋಡು. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಅಂತ ಮೂರು ಮನೆ. ಗುಂಟೆಗೆ ಹದಿನಾರು ಆಣೆ, ಎಕರೆಗೆ 640. ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕದಲ್ಲೇ ಇಡಬೇಕು. ಮೂರೆಕರೆ ಇಪ್ಪತ್ತು ಗುಂಟೆ 2240 ಆಣೆ, ಎರಡೆಕರೆ ಮೂವತ್ತು 1760. ಕೂಡಿಸಿದರೆ ತಕ್ಕಡಿ ಮುಳ್ಳು ನಿಂತ ಹಾಗೆ ಸರಿಯಾಗಿ 4000. ಚುಕ್ಕಿಯ ಗೊಡವೆಯೇ ಇಲ್ಲ. ತೆರೆಯ ಮೇಲೆ ತೋರಿಸುವಾಗಷ್ಟೇ ಎಕರೆ-ಗುಂಟೆ ಮಾಡಿದರಾಯಿತು. ಹಣವೂ ಅಷ್ಟೇ, ಪೈಸೆಯಲ್ಲಿಡಿ. ಜಾವಾಸ್ಕ್ರಿಪ್ಟಿಗೆ 0.1ಕ್ಕೆ 0.2 ಕೂಡಿಸಲು ಹೇಳಿ ನೋಡಿ, 0.30000000000000004 ಅನ್ನುತ್ತದೆ. ಆ ಬಾಲದ ನಾಲ್ಕನ್ನು ಮೊದಲ ಸಲ ಕಂಡಾಗ ಆದ ಸುಖ ನನಗೆ ಯಾವ ಸಿನಿಮಾದಲ್ಲೂ ಆಗಿಲ್ಲ.

ಪ್ರೋಗ್ರಾಂನಲ್ಲಿ ಅಂಕಿಗೆ ಕೊಡುವ ಹೆಸರಿನಲ್ಲೇ ಯೂನಿಟ್ಟನ್ನೂ ಬರೆಯಿರಿ ಅಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಹೆಸರು ಉದ್ದ ಆಗುತ್ತದಂತೆ! ‘ಟೈಮ್‌ಔಟ್ 30’ ಅಂತ ಬರೆದು ಎದ್ದು ಹೋಗುತ್ತಾರೆ. ಮೂವತ್ತು ಏನು? ಸೆಕೆಂಡೇ, ಮಿಲಿಸೆಕೆಂಡೇ, ಮೂವತ್ತು ಮೊಳವೇ? ನಾಲ್ಕು ಅಕ್ಷರ ಹೆಚ್ಚಿಗೆ ಬರೆದರೆ ಕೀಬೋರ್ಡ್ ಸವೆಯುತ್ತದೆಯೇ? 1999ರಲ್ಲಿ ಮಂಗಳದ ಹತ್ತಿರ ಹೋದ ನಾಸಾದ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದದ್ದು ಇದೇ ಉಡಾಫೆಗೆ: ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಅಂತ ನುಂಗಿತು. ನನ್ನ ಕೈಗೆ ಆ ಉತ್ತರಪತ್ರಿಕೆ ಬಂದಿದ್ದರೆ ಅರ್ಧ ಅಂಕ ಕಡಿದು, ನೌಕೆಯನ್ನು ನೆಲದ ಮೇಲೇ ನಿಲ್ಲಿಸುತ್ತಿದ್ದೆ.

ನನ್ನ ಹಾಗೆ ಭೌತಶಾಸ್ತ್ರ ಬಿಟ್ಟು ಪ್ರೋಗ್ರಾಮಿಂಗ್ ಕಡೆ ಬಂದವರಲ್ಲಿ ದೊಡ್ಡವರು ಡೈಕ್‌ಸ್ಟ್ರಾ. ಲೈಡನ್‌ನಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಓದಿದವರು. 1957ರಲ್ಲಿ ಮದುವೆಯಾಗುವಾಗ ಉದ್ಯೋಗ ‘ಪ್ರೋಗ್ರಾಮರ್’ ಎಂದು ಬರೆಸಿದರೆ, ಅಂಥದೊಂದು ಉದ್ಯೋಗವೇ ಇಲ್ಲ ಎಂದು ಆಮ್‌ಸ್ಟರ್‌ಡ್ಯಾಮಿನ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ‘ಸೈದ್ಧಾಂತಿಕ ಭೌತವಿಜ್ಞಾನಿ’ ಅಂತಲೇ ದಾಖಲಾಯಿತು. ನಮ್ಮಲ್ಲೂ ಯು. ಬಿ. ಪವನಜ ಭಾಭಾ ಅಣುಶಕ್ತಿ ಕೇಂದ್ರದ ವಿಜ್ಞಾನಿಯ ಕೆಲಸ ಬಿಟ್ಟು ಕನ್ನಡದ ತಂತ್ರಾಂಶಕ್ಕೆ ಬಂದವರು. ಮಕ್ಕಳಿಗಾಗಿ ಲೋಗೋ ಪ್ರೋಗ್ರಾಮಿಂಗ್ ಭಾಷೆಯನ್ನೇ ಕನ್ನಡಕ್ಕೆ ತಂದರು. ನನ್ನ ಪಾಡು ಅಷ್ಟು ಘನವಾದದ್ದಲ್ಲ. ಸುರಪುರದ ಸೋದರಮಾವ ಬೀಗರ ಮುಂದೆ, ‘ನಮ್ ಅಳಿಯ ಮೊದ್ಲು ಲೆಕ್ಚರರ್ ಇದ್ದ’ ಅಂತಾನೆ. ‘ಈಗೇನ್ ಮಾಡ್ತಾರ?’ ‘ಏನಿಲ್ಲ, ಯಾದಗಿರ್‌ದಾಗ ಕಂಪ್ಯೂಟರ್ ಮುಂದ ಕುಂತಿರ್ತಾನ.’

ಸುರಪುರದವರು ಹೀಗನ್ನಬಾರದು. ಊರಿನ ಗುಡ್ಡದ ಮೇಲೆ ‘ಮಂಜಿಲ್’ ಬಂಗಲೆ ಕಟ್ಟಿದ ಮೆಡೋಸ್ ಟೇಲರ್ ಎಷ್ಟು ಕಸುಬು ಮಾಡಿದವ! ನಿಜಾಮನ ಫೌಜಿನವ, ಇಲ್ಲಿಯ ಆಡಳಿತಗಾರ, ಕಾದಂಬರಿಕಾರ. ಮೇಲೆ ಈ ಸೀಮೆಯ ಹಳೆಯ ಕಲ್ಲುಗಳ ಹುಚ್ಚು ಬೇರೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಶಿಲಾಯುಗದ ನಂತರದ ಜನ ಗುಂಡುಗಳನ್ನು ಸಾಲುಸಾಲಾಗಿ, ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ತಪ್ಪದಂತೆ ಇಟ್ಟಿದ್ದಾರಲ್ಲ, ಅವುಗಳ ಬಗ್ಗೆಯೂ ಬರೆದಿಟ್ಟ. ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ಆ ಸಾಲುಗಳಿಗೂ ಸೂರ್ಯನ ಚಲನೆಗೂ ಇರಬಹುದಾದ ನಂಟನ್ನು ಅಧ್ಯಯನ ಮಾಡಿದ್ದಾರೆ. ದಿಕ್ಕಿನ ಮಾತು ಇರಲಿ. ನನಗೆ ಬೇಕಾದದ್ದು ಅಂತರ. ಗುಂಡಿನಿಂದ ಗುಂಡಿಗೆ ಅವರು ಅಳೆದದ್ದು ಯಾವುದರಲ್ಲಿ? ಹೆಜ್ಜೆಯಲ್ಲೋ, ಹಗ್ಗದಲ್ಲೋ? ಹೆಜ್ಜೆಯಾದರೆ ಯಾರದು? ನೋಡಲು ಬಂದವರೆಲ್ಲ ಗುಂಡಿನ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಒಬ್ಬರ ಕೈಯಲ್ಲೂ ಟೇಪಿರುವುದಿಲ್ಲ.